ನಲವತ್ತೆರಡು ಮಕ್ಕಳ ಬೀಗದ ಕೈ ಯಾರಿಗೆ ಕೊಡುತ್ತಿದ್ದೀರಿ?

ಮೇಷ್ಟರುಗಳ ವರ್ಗಾವಣೆಗೆ ರುಜು ಹಾಕುವ ಮಾನ್ಯ ಅಧಿಕಾರಿಗಳೇ,

ಬರುವ ಜೂನ್ ಒಂದನೇ ತಾರೀಖು ಶುಕ್ರವಾರದಿಂದ, ನವುಲೆ ಕಡೆಗೆ ಹೋಗುವ ರಸ್ತೆಯಲ್ಲಿರುವ ವಿದ್ಯಾರ್ಥಿ ನಿಲಯಕ್ಕೆ ತಾವು ಹೊಸ ಮೇಲ್ವಿಚಾರಕರೊಬ್ಬರನ್ನು ನೇಮಿಸಿದ್ದೀರಿ. ಸದರಿ ಮೇಷ್ಟರು ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುವವರು, ಹೊಡೆದು ಊನ ಮಾಡುವವರು. ಇದನ್ನು ನಾನು ಗಾಳಿಸುದ್ದಿ ಕೇಳಿ ಬರೆಯುತ್ತಿಲ್ಲ. ಅವರ ಹೆಸರನ್ನು ಅಚ್ಚು ಹಾಕಲು ಪತ್ರಿಕೆಯವರು ಹಿಂಜರಿದರು. ಅದರಿಂದ ತಮಗೇನೂ ತೊಂದರೆಯಾಗದು, ತಾವು ರುಜು ಹಾಕಿದ ಆಜ್ಞೆಯಲ್ಲೇ ಆ ಹೆಸರು ಇದೆ. ನಿಲಯದಲ್ಲಿ ನಲವತ್ತೆರಡು ಮಕ್ಕಳಿದ್ದಾರೆ, ಎಲ್ಲರೂ ಹಳ್ಳಿಗಳಿಂದ ಬಂದವರು, ಎಂಟು ವರ್ಷದಿಂದ ಹದಿನಾಲ್ಕು ವರ್ಷದವರೆಗಿನವರು. ಅಲ್ಲಿಂದ ಅತಿ ಹತ್ತಿರದ ಮನೆ ಎರಡು ಫರ್ಲಾಂಗು ದೂರ.

ಈ ನೇಮಕದ ವಿಷಯ ನನಗೆ ತಿಳಿದ ಬಗೆಯನ್ನು ಹೇಳಬೇಕು. ನಾನು ಶಿವಮೊಗ್ಗದ ಒಂದು ಮಾಧ್ಯಮಿಕ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಪಂಡಿತನಾಗಿದ್ದು, ಎರಡು ವರ್ಷದ ಹಿಂದೆ ನಿವೃತ್ತನಾದವನು. ಪಾಠಕ್ಕಿಂತ ಹೆಚ್ಚಾಗಿ ಬಿನ್ನವತ್ತಳೆ ಬರೆಯುವುದರಲ್ಲಿ ನನಗೆ ಹೆಸರು. ಯಾರಾದರೂ ವರ್ಗವಾಗಿ ಹೊರಟರೆ ಅವರ ಗುಣಗಾನ ಬರೆದು, ಬಣ್ಣದ ಶಾಯಿಯಲ್ಲಿ ಅಚ್ಚು ಮಾಡಿಸಿ, ಗಾಜಿನ ಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಕೈಗೊಪ್ಪಿಸುವ ಪದ್ಧತಿ ನಮ್ಮಲ್ಲಿದೆಯಷ್ಟೆ. ತಮ್ಮ ಮನೆಯ ಗೋಡೆಯ ಮೇಲೂ ಅಂಥ ನಾಲ್ಕಾರು ಇರಬಹುದು. ಒಂದಾದರೂ ನಾನೇ ಬರೆದದ್ದಾಗಿದ್ದರೆ ಆಶ್ಚರ್ಯವಿಲ್ಲ. ಎಂಟು ದಿನದ ಹಿಂದೆ ಭಾನುವಾರ ಬೆಳಿಗ್ಗೆ ಭದ್ರಾವತಿಯ ಒಂದು ಶಾಲೆಯ ಸಮಿತಿಯವರಾದ ಶಿವಶಂಕರಪ್ಪ ಎಂಬುವರು ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ತಮ್ಮ ಶಾಲೆಯ ಮೇಷ್ಟರಿಗೆ ಶಿವಮೊಗ್ಗದ ನಿಲಯಕ್ಕೆ ಬಡ್ತಿಯ ಮೇಲೆ ವರ್ಗವಾಗಿದೆ, ಇಪ್ಪತ್ತೇಳರಂದು ಬೀಳ್ಕೊಡುಗೆ, ಒಂದು ಬಿನ್ನವತ್ತಳೆ ಆಗಬೇಕು ಎಂದರು. ಹೊಸದಾಗಿ ಬರೆಯುವ ತೊಂದರೆಯೂ ನನಗೆ ಬೇಡವಂತೆ.

“ನೀವು ಹಿಂದೆ ಇವ್ರಿಗೇ ಬರ್ಕೊಟ್ಟಿದ್ದು ಆಫೀಸಿನ ಗೋಡೆ ಮೇಲಿದೆ ಪಂಡಿತ್ರೇ, ಬಾಳ ಚೆನ್ನಾಗಿದೆ. ಊರ ಹೆಸರು, ತಾರೀಖು ತಿದ್ದಿ ಕೊಟ್ರೆ ಸಾಕು” ಎಂದರು.

ಅಲ್ಲಿಂದ ಯಾಕೆ ಬಿಡುತ್ತಿದ್ದಾರೆ ಎಂದು ಕೇಳಿದೆ. ಅವರು ಅಡಿಕೆ ಬಾಯಿಗೆ ಹಾಕಿಕೊಂಡು, ಒಂದು ಸಣ್ಣ ಗಲಾಟೆಯಾಯಿತು, ಮರ್ಯಾದೆಯಿಂದ ಹೋಗಲಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು ಎಂದರು. ಇದೇ ಮನುಷ್ಯನ ಬಗ್ಗೆ, ಹೆಚ್ಚು ಕಡಿಮೆ ಇದೇ ಮಾತನ್ನು ನಾನು ಆರು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಕೇಳಿದ್ದೆ.

ಅದು ೧೯೫೬ನೇ ಇಸವಿ ಆಗಸ್ಟ್ ತಿಂಗಳು. ಶನಿವಾರ ಬೆಳಗಿನ ಶಾಲೆ. ಮಂಡಿಯಲ್ಲಿ ಅಡಿಕೆ ತೂಗುವ ವೀರಪ್ಪನ ಮಗಳು, ಹನ್ನೊಂದು ವರ್ಷದವಳು, ಬಡ್ಡಿ ಲೆಕ್ಕ ತಪ್ಪು ಮಾಡಿದಳೆಂದು ಈ ಮೇಷ್ಟರು ಹತ್ತು ಗಂಟೆಗೆ ಅವಳನ್ನು ಭೂಪಟ, ಮುರಿದ ಬೆಂಚು ತುಂಬುವ ಸಾಮಾನು ಕೋಣೆಗೆ ತಳ್ಳಿ ಬೀಗ ಹಾಕಿದರು. ಅದು ಅವರ ಮಾಮೂಲು ಶಿಕ್ಷೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ಅಂದು ನಡುವೆ ಯಾರೋ ಬಂದು ಭದ್ರಾವತಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ ನೆನಪಿಸಿದರಂತೆ. ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ರೈಲು ಹತ್ತಿದರು. ಹನ್ನೊಂದೂವರೆಗೆ ಶಾಲೆ ಬಿಟ್ಟಿತು. ವೀರಪ್ಪ ಸಂಜೆಯವರೆಗೆ ಬೀದಿ ಬೀದಿ ಹುಡುಕಿ, ಆಮೇಲೆ ತುಂಗೆಯ ದಡಕ್ಕೆ ಹೋಗಿ ಅಂಬಿಗರ ಕಾಲು ಹಿಡಿದು ನೀರಿನಲ್ಲಿ ಹುಡುಕಿಸಿದ. ಮಾರನೆಯ ದಿನ ಮಧ್ಯಾಹ್ನ ಶಾಲೆ ಗುಡಿಸುವ ಹೂವಮ್ಮ ಬಕೆಟ್ಟು ತೆಗೆದುಕೊಳ್ಳಲು ಬಂದಾಗ ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳುಗಳನ್ನು ಕಂಡಳು. ಬೀಗ ಒಡೆಯಲು ಯಾರ ಅಪ್ಪಣೆಯನ್ನೂ ಅವಳು ಕೇಳಲಿಲ್ಲ, ಕಲ್ಲು ತಂದು ಜಜ್ಜಿದಳು. ಇಪ್ಪತ್ತಾರು ಗಂಟೆ ಆ ಮಗು ಒಳಗಿತ್ತು.

ಸೋಮವಾರ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಾವು ಐದು ಜನ ಕೂತೆವು. ಯಾರೂ ಕೆಟ್ಟವರಲ್ಲ ಸ್ವಾಮಿ, ಎಲ್ಲರೂ ಮಕ್ಕಳೊಂದಿಗರೇ. ಮೇಲಕ್ಕೆ ಬರೆದರೆ ವಿಚಾರಣೆಯಾಗುತ್ತದೆ, ಹುಡುಗಿಯನ್ನು ಕರೆಸುತ್ತಾರೆ, ಹೆಣ್ಣುಮಗು ಒಂದು ರಾತ್ರಿಯೆಲ್ಲ ಮನೆಯಲ್ಲಿರಲಿಲ್ಲ ಎಂಬುದು ಕಾಗದದ ಮೇಲೆ ಬರುತ್ತದೆ, ನಾಳೆ ಅವಳ ಮದುವೆ ಹೇಗೆ ಎಂದು ಒಬ್ಬರು ಕೇಳಿದರು. ಎಲ್ಲರೂ ಹೌದು ಹೌದು ಎಂದೆವು. ಅವಳ ಹೆಸರು ಉಳಿಸುವ ನೆಪದಲ್ಲಿ ನಮ್ಮ ನಮ್ಮ ಹೆಸರು ಉಳಿಸಿಕೊಳ್ಳುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಲಿಲ್ಲ, ಅಥವಾ ಅನ್ನಿಸಿದವರು ಬಾಯಿ ಬಿಡಲಿಲ್ಲ. ವೀರಪ್ಪನನ್ನು ಕರೆದು ಸಮಾಧಾನ ಹೇಳಿದೆವು. ಅವನು ತಲೆ ತಗ್ಗಿಸಿ ಆಯ್ತು ಎಂದ. ಮೇಷ್ಟರಿಂದಲೇ “ಸ್ವಂತ ಕೋರಿಕೆ” ಎಂದು ಅರ್ಜಿ ಬರೆಸಿದೆವು. ತಮ್ಮ ಕಚೇರಿಯಿಂದ “ಸಾರ್ವಜನಿಕ ಹಿತದೃಷ್ಟಿಯಿಂದ” ಎಂಬ ಒಕ್ಕಣೆಯೊಡನೆ ಭದ್ರಾವತಿಗೆ ವರ್ಗ ಬಂತು. ಹಾಗೇ ಕಳಿಸಿದರೆ ಜನಕ್ಕೆ ಅನುಮಾನ ಬರುತ್ತದೆ ಎಂದು ಹಾರ, ಹಣ್ಣು, ಶಾಲು, ಬಿನ್ನವತ್ತಳೆ ಎಲ್ಲವನ್ನೂ ಏರ್ಪಾಟು ಮಾಡಿದೆವು. ಬರೆದವನು ನಾನು. “ಮಕ್ಕಳನ್ನು ಕಣ್ಣರೆಪ್ಪೆಯಂತೆ ಕಾಪಾಡಿದ ತಮ್ಮನ್ನು ಬೀಳ್ಕೊಡಲು ನಮ್ಮ ಹೃದಯಗಳು ಭಾರವಾಗಿವೆ” ಎಂಬ ಸಾಲನ್ನು ನಾನು ಸಭೆಯಲ್ಲಿ ಓದಿದಾಗ ಜನ ಚಪ್ಪಾಳೆ ತಟ್ಟಿದರು.

ತಮ್ಮ ಆ ಒಕ್ಕಣೆಯ ಬಗ್ಗೆ ಒಂದು ಸಂದೇಹವಿದೆ, ಪರಿಹರಿಸಬೇಕು. ಸಾರ್ವಜನಿಕ ಹಿತ ಎಂದರೆ ಯಾವ ಸಾರ್ವಜನಿಕರದು? ಶಿವಮೊಗ್ಗದವರ ಹಿತಕ್ಕಾಗಿ ಈ ಮೇಷ್ಟರನ್ನು ಭದ್ರಾವತಿಗೆ ಕಳಿಸಿದಿರಿ. ಈಗ ಭದ್ರಾವತಿಯವರ ಹಿತಕ್ಕಾಗಿ ಶಿವಮೊಗ್ಗಕ್ಕೆ ಕಳಿಸುತ್ತಿದ್ದೀರಿ. ನಡುವೆ ಇರುವುದು ಹನ್ನೊಂದು ಮೈಲಿ. ಆ ಹನ್ನೊಂದು ಮೈಲಿ ರೈಲಿನಲ್ಲಿ ಕೂತರೆ ಮನುಷ್ಯನ ಸ್ವಭಾವ ಬದಲಾಗುತ್ತದೆಂದು ತಮ್ಮ ಇಲಾಖೆ ಕಂಡುಹಿಡಿದಿದ್ದರೆ ದಯವಿಟ್ಟು ಪ್ರಕಟಿಸಿ, ದೇಶಕ್ಕೇ ಉಪಕಾರವಾದೀತು. ಈ ಸಲ ಬಡ್ತಿಯನ್ನೂ ಕೊಟ್ಟಿದ್ದೀರಿ. ಒಂದು ಕಿವಿಗೆ ಇಷ್ಟು ಬಡ್ತಿಯಾದರೆ ಮುಂದಿನದಕ್ಕೆ ಎಷ್ಟು ಎಂದು ಕೇಳುವ ಧೈರ್ಯ ನನಗಿಲ್ಲ.

ಕಿವಿ ಎಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಶಿವಶಂಕರಪ್ಪನವರು ಹೋದ ಮೇಲೆ ಮಂಗಳವಾರ ಭದ್ರಾವತಿಗೆ ಹೋಗಿ, ಗಲಾಟೆ ಯಾವ ಮನೆಯದು ಎಂದು ವಿಚಾರಿಸಿಕೊಂಡು, ನ್ಯೂ ಟೌನಿನ ಸಾಲು ಮನೆಗಳಲ್ಲಿ ಪುಷ್ಪಮ್ಮ ಎಂಬಾಕೆಯನ್ನು ಕಂಡೆ. ಗಂಡ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುವವನು. ಮಗನನ್ನು ಶಾಲೆಗೆ ಸೇರಿಸುವಾಗ ಅವನು ಎಲ್ಲ ತಂದೆಯರೂ ಹೇಳುವಂತೆ, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ, ವಿದ್ಯೆ ಬಂದರೆ ಸಾಕು ಎಂದು ಕೈ ಮುಗಿದು ಬಂದಿದ್ದನಂತೆ. ಮೇಷ್ಟರು ಆ ಮಾತು ನಡೆಸಿಕೊಟ್ಟರು. ಕಣ್ಣೆರಡನ್ನೂ ಬಿಟ್ಟರು, ಎಡಗಿವಿ ತೆಗೆದರು. ಕೆನ್ನೆಗೆ ಬಿದ್ದ ಏಟಿಗೆ ಕಿವಿಯಿಂದ ರಕ್ತ ಬಂದು, ತಮಟೆ ಹರಿದಿದೆ, ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಏಟಿನ ಮೇಲೆ ಅಲ್ಲಿನ ಸಾಮಾನು ಕೋಣೆಯಲ್ಲಿ ಕೂಡಿಹಾಕಿದ್ದೂ ಆಯಿತು. ಹುಡುಗ ನಾನು ಇದ್ದಷ್ಟು ಹೊತ್ತೂ ಬಲಗಡೆಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತಿದ್ದ. ದೂರು ಕೊಡಲಿಲ್ಲವೇ ಎಂದು ತಾಯಿಯನ್ನು ಕೇಳಿದೆ.

“ಕೊಡೋಕೆ ಹೋಗಿದ್ದೆ ಸಾರ್. ಆಫೀಸಲ್ಲಿ ಗೋಡೆ ತೋರ್ಸಿ, ಓದಮ್ಮ ಅಂದ್ರು. ನಂಗೆಲ್ಲಿ ಓದಕ್ಕೆ ಬರುತ್ತೆ. ಅವ್ರೇ ಓದಿ ಹೇಳಿದ್ರು. ಶಿವಮೊಗ್ಗದ ದೊಡ್ಡ ಪಂಡಿತ್ರು ಬರ್ದಿರೋದು, ಅಷ್ಟು ಚೆನ್ನಾಗಿ ಬರ್ದಿರೋದ್ರಲ್ಲಿ ಸುಳ್ಳು ಇರುತ್ತಾ? ನನ್ ಮಗಂದೇ ತಪ್ಪಿರ್ಬೇಕು ಅಂತ ವಾಪಸ್ ಬಂದೆ.”

ಬರೆದವನು ನಾನೇ ಎಂದು ಹೇಳಿದೆ. ಆಕೆ ಬೈದಿದ್ದರೆ ಹಗುರವಾಗುತ್ತಿತ್ತು.

“ಬರೆಯೋವಾಗ ನಿಮಗೆ ಗೊತ್ತಿತ್ತಾ ಸಾರ್?” ಎಂದಷ್ಟೇ ಕೇಳಿದಳು. ಗೊತ್ತಿತ್ತು ಎಂದೆ. ಆಕೆ ಎದ್ದು ಒಳಗೆ ಹೋದಳು, ನಾನು ಹೊರಟು ಬಂದೆ.

ಈ ಮೇಷ್ಟರ ಮಕ್ಕಳು ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ಪಾಸಾಗುತ್ತಾರೆ ಎಂದು ತಮ್ಮ ತಪಾಸಣೆಯವರು ಹೊಗಳಿ ಬರೆದಿದ್ದಾರಂತೆ. ನಿಜವೇ ಇರಬೇಕು. ಮಕ್ಕಳು ಗಪ್‌ಚಿಪ್ಪಾಗಿ ಕೂತಿರುತ್ತಾರೆ, ಮಗ್ಗಿ ತಪ್ಪುವುದಿಲ್ಲ. ತಪಾಸಣೆಗೆ ಬಂದವರು ಹಾಜರಿ ಪುಸ್ತಕ ನೋಡುತ್ತಾರೆ, ಸೀಮೆಸುಣ್ಣದ ದಾಸ್ತಾನು ನೋಡುತ್ತಾರೆ, ಗೋಡೆಯ ಮೇಲಿನ ಕಟ್ಟುಗಳನ್ನು ನೋಡುತ್ತಾರೆ, ಉಪ್ಪಿಟ್ಟು ಕಾಫಿ ಮುಗಿಸಿ ಜೀಪು ಹತ್ತುತ್ತಾರೆ. ಬೀಗ ಹಾಕಿದ ಕೋಣೆಯ ಮುಂದೆ ನಿಂತು ಇದರೊಳಗೆ ಏನಿದೆ ಎಂದು ಕೇಳಿದವರನ್ನು ನನ್ನ ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಾನು ಕಂಡಿಲ್ಲ. ಒಂದು ಮಗುವನ್ನು ಪಕ್ಕಕ್ಕೆ ಕರೆದು, ನಿನಗೆ ಇಲ್ಲಿ ಯಾರ ಭಯ ಎಂದು ಕೇಳಿದವರನ್ನೂ ಕಂಡಿಲ್ಲ. ಇಷ್ಟು ದಿನ ಈ ಮೇಷ್ಟರ ಕೈಗೆ ಸಿಕ್ಕಿದ್ದು ಸಂಜೆಗೆ ಮನೆ ಸೇರಬೇಕಾದ ಮಕ್ಕಳು. ಸೇರದಿದ್ದರೆ ಹುಡುಕಲು ಒಬ್ಬ ವೀರಪ್ಪನಾದರೂ ಇದ್ದ. ನಿಲಯದ ಮಗು ಒಂದು ಹೊತ್ತು ಕಾಣದಿದ್ದರೆ ಯಾರು ಹುಡುಕುತ್ತಾರೆ? ತಂದೆ ತಾಯಿ ದಸರಾ ರಜೆಗೆ ಮಗು ಬರುತ್ತದೆ ಎಂದುಕೊಂಡು ಹಳ್ಳಿಯಲ್ಲಿ ನಿಶ್ಚಿಂತೆಯಿಂದಿರುತ್ತಾರೆ. ನಿಲಯದಲ್ಲಿ ತಲೆ ಎಣಿಸುವವರೂ ಈ ಮೇಷ್ಟರೇ, ಬೀಗ ಹಾಕುವವರೂ ಅವರೇ, ತಮಗೆ ವರದಿ ಬರೆಯುವವರೂ ಅವರೇ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಈ ಜೂನ್ ತಿಂಗಳನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ.

ಈ ಪತ್ರ ಅಚ್ಚಿಗೆ ಕೊಡುವ ಮುಂಚೆ ನಿನ್ನೆ ವೀರಪ್ಪನ ಮನೆಗೆ ಹೋಗಿದ್ದೆ. ಹುಡುಗಿಗೆ ಈಗ ಹದಿನೇಳು. ಆ ಶನಿವಾರದ ಮೇಲೆ ಅವಳು ಮತ್ತೆ ಯಾವ ಶಾಲೆಗೂ ಹೋಗಲಿಲ್ಲ. ವೀರಪ್ಪ ಮನೆಯ ಅಷ್ಟೂ ಬಾಗಿಲುಗಳ ಚಿಲಕ ಕಿತ್ತಿಸಿದ್ದಾನೆ. ಅವಳು ಹೊಸ್ತಿಲ ಹೊರಗೆ ಜಗಲಿಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ, ಮಾಗಿಯ ಚಳಿಯಲ್ಲೂ ಅಲ್ಲೇ. ನಾವು ಅಷ್ಟು ಮುತುವರ್ಜಿಯಿಂದ ಕಾಪಾಡಿದ ಮದುವೆ ಇನ್ನೂ ಆಗಿಲ್ಲ, ಕೋಣೆಯ ಬಾಗಿಲು ಹಾಕುವ ಯಾವ ಮನೆಗೂ ಅವಳು ಒಪ್ಪಳು. ನಾನು ಬಂದ ಕೆಲಸ ಹೇಳಿ, ನಿನ್ನ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳುತ್ತೇನಮ್ಮ ಎಂದೆ. ಅವಳು ಯಂತ್ರ ನಿಲ್ಲಿಸಿದಳು.

“ಹಾಕಿ ಮೇಷ್ಟ್ರೇ, ಬಸವರಾಜೇಶ್ವರಿ ಅಂತ ಪೂರ್ತಿ ಹಾಕಿ. ಆವತ್ತು ಒಳಗಿಂದ ನಾನು ಅಮ್ಮ ಅಂತ ಕೂಗ್ಲಿಲ್ಲ. ಯಾರಿದ್ದಾರೆ ಅಂತ ಗೊತ್ತಾದ್ರೆ ತೆಗೀತಾರೆ ಅಂತ ನನ್ನ ಹೆಸರನ್ನೇ ಕೂಗ್ತಾ ಇದ್ದೆ. ಶಾಲೆ ಬಿಟ್ಟ ಮೇಲೂ ಕೂಗ್ದೆ. ಯಾರಿಗೂ ಕೇಳಿಸ್ಲಿಲ್ಲ ಅನ್ಸುತ್ತೆ.”

ಮಾನ್ಯರೇ, ಕೇಳಿಸಿತ್ತು. ಆ ಕೋಣೆಯ ಪಕ್ಕದ ತರಗತಿ ನನ್ನದು. ಬಾಗಿಲು ಬಡಿಯುವ ಸದ್ದೂ ಕೇಳಿಸಿತ್ತು, ಆ ಹೆಸರೂ ಕೇಳಿಸಿತ್ತು. ಇನ್ನೊಬ್ಬ ಮೇಷ್ಟರು ಕೊಟ್ಟ ಶಿಕ್ಷೆಯಲ್ಲಿ ಕೈ ಹಾಕುವುದು ಸಭ್ಯತೆಯಲ್ಲ ಎಂಬುದು ನಮ್ಮ ಉಪಾಧ್ಯಾಯರ ಕೋಣೆಯ ನಿಯಮ. ನಾನು ಪಾಠ ಮುಗಿಸಿ, ಕೊಡೆ ತೆಗೆದುಕೊಂಡು, ಆ ಬಾಗಿಲ ಮುಂದೆಯೇ ಹಾದು ಮನೆಗೆ ಊಟಕ್ಕೆ ಹೋದೆ. ಸೋಮವಾರ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಇದನ್ನು ಹೇಳಲಿಲ್ಲ, ಹೆಂಡತಿಗೆ ಹೇಳಲಿಲ್ಲ, ನಿನ್ನೆ ಆ ಹುಡುಗಿಯ ಎದುರಿಗೂ ನಾಲಿಗೆ ಏಳಲಿಲ್ಲ. ಅವಳು ಈಗ ಇದನ್ನು ಪತ್ರಿಕೆಯಲ್ಲಿ ಓದುತ್ತಾಳೆ.

ಈಗ ತಮಗೂ ಕೇಳಿಸಿದೆ. ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಆಜ್ಞೆಯನ್ನು ಈ ವಾರವೇ ತಡೆಹಿಡಿಯಿರಿ. ವಿಚಾರಣೆ ನಡೆಸಿ, ಪುಷ್ಪಮ್ಮನ ಮಗನ ಮಾತನ್ನೂ ಬಸವರಾಜೇಶ್ವರಿಯ ಮಾತನ್ನೂ ಅವರವರ ಬಾಯಲ್ಲಿ ಬಂದಂತೆಯೇ ಬರೆಸಿಕೊಳ್ಳಿ, ನಮ್ಮಂಥ ಪಂಡಿತರ ಕೈಗೆ ತಿದ್ದಲು ಕೊಡಬೇಡಿ. ತಪ್ಪಿತಸ್ಥರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿ, ನನ್ನ ಪಿಂಚಣಿಯನ್ನು ಏನು ಬೇಕಾದರೂ ಮಾಡಿ. ಇಂದು ಸೋಮವಾರ. ಮಕ್ಕಳು ಟ್ರಂಕು ಹಿಡಿದು ನಿಲಯಕ್ಕೆ ಬರಲು ಹನ್ನೊಂದು ದಿನ ಉಳಿದಿದೆ. ಅಂದು ಆ ಗೇಟಿನ ಮುಂದೆ ನಾನು ಕೂತಿರುತ್ತೇನೆ. ಒಳಗಿರುವವರು ಅದೇ ಮನುಷ್ಯನಾದರೆ, ಮಗುವನ್ನು ಬಿಡಲು ಬಂದ ಒಬ್ಬೊಬ್ಬ ತಂದೆಯನ್ನೂ ತಡೆದು ನಿಲ್ಲಿಸಿ ಈ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಇಂತಿ,
ಕಿವಿ ನೆಟ್ಟಗಿದ್ದೂ ಬಾಗಿಲು ತೆಗೆಯದ
ಉಜ್ಜನಪ್ಪ
ನಿವೃತ್ತ ಕನ್ನಡ ಪಂಡಿತ, ಶಿವಮೊಗ್ಗ
೨೧–೫–೧೯೬೨