ಕೆಂಪು ಪಟ್ಟಿಗೆ ಸೇರಿದ ಬಣ್ಣದ ಶೆಡ್ಡು

ಕಂಪನಿಯ ಊಟದ ಕೋಣೆ
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಕಡಿಮೆಯಾಗಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳುವಾಗಲೇ ನೀನು ಪಕ್ಕದಲ್ಲಿ ಕೆಮ್ಮುತ್ತಿದ್ದೆ. ಬಟ್ಟೆಗೆ ಬಣ್ಣ ಹಾಕುವ ನಿನ್ನ ಶೆಡ್ಡಿಗೆ ಬೀಗ ಹಾಕಿ ಅತ್ತಿಗೆಯ ತವರಿಗೆ ಹೋದ ಮೇಲೆ, ನನ್ನ ಮಾತು ಬಂದರೆ ಎದ್ದೇ ಹೋಗುತ್ತೀಯಂತೆ. ಅದಕ್ಕೇ ಈ ಕಾಗದ. ಓದುತ್ತಾ ಅರ್ಧಕ್ಕೆ ಎದ್ದು ಹೋದರೂ ಇದು ಮೇಜಿನ ಮೇಲೆ ಕಾಯುತ್ತದೆ.

ನಮ್ಮ ಬಟ್ಟೆ ಕೊಳ್ಳುವ ದೇಶಗಳಲ್ಲಿ ಹೊಸ ಕಾನೂನು ಬಂದಿದೆ, ನಿನಗೂ ಗೊತ್ತು. ನೂಲಿನವನಿಂದ ಅಂಗಿಗೆ ಗುಂಡಿ ಹೊಲಿಯುವವನವರೆಗೆ ಯಾರ ನೀರು, ಯಾರ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ದೊಡ್ಡ ಕಂಪನಿಯೇ ವರ್ಷವರ್ಷ ಉತ್ತರ ಕೊಡಬೇಕು. ಅದಕ್ಕಾಗಿ ತೆರೆದ ಅಪಾಯ ವಿಭಾಗದಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಯಾರಿಂದ ಎಷ್ಟು ಅಪಾಯ ಎಂದು ನೋಡಿ ಹಸಿರು, ಹಳದಿ, ಕೆಂಪು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಕಳೆದ ತಿಂಗಳು ನಿನ್ನ ಶೆಡ್ಡಿಗೆ ಕೆಂಪು ಬಳಿದವಳು ನಾನೇ. ನಾಲ್ಕೇ ದಿನಕ್ಕೆ ನಿನ್ನ ಕೆಲಸ ನಿಂತಿತು, ಹನ್ನೊಂದು ಜನ ಮನೆಗೆ ಹೋದರು.

ನಿನ್ನದೇನೂ ತಪ್ಪಿಲ್ಲ ಎಂದು ಮುಲಾಮು ಹಚ್ಚಲಾರೆ. ನೇರಳೆ ನೀರು ಚರಂಡಿಗೆ ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಎರಡು ವರ್ಷದ ಹಿಂದೆ ನಾನು ತಪಾಸಣೆಗೆ ಬಂದಾಗ ನೀನು ಅಂದಿದ್ದೆ: "ನೀರು ಶುದ್ಧ ಮಾಡೋ ತೊಟ್ಟಿ ಕಟ್ಟೋಕೆ ಎರಡು ತಿಂಗಳು ಕೆಲಸ ನಿಲ್ಲಿಸ್ಬೇಕು. ನಿಮ್ಮ ಕಂಪನಿ ಕಾಯುತ್ತಾ, ಕೇಳಿ ನೋಡು." ಅದನ್ನು ವರದಿಯಲ್ಲಿ ಹಾಗೇ ಬರೆದೆ. ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುವುದಕ್ಕೆ ನಾವು ಬೆಕ್ಕಿನ ಹೆಜ್ಜೆ ಎಂದು ಕರೆಯುವ ದೊಡ್ಡ ಸಾಹೇಬರು ಅದನ್ನು ಬದಿಗಿಟ್ಟು, ನಿನಗೆ ದುಪ್ಪಟ್ಟು ಬಟ್ಟೆ ಕಳಿಸಿದರು.

ಈ ವರ್ಷದ ವರದಿಯಲ್ಲಿ ಬೇರೆಯೇ ಕಥೆ: ದೋಷ ಕಳೆದ ತಿಂಗಳಷ್ಟೇ ತಿಳಿಯಿತು, ಕೂಡಲೇ ಆ ಶೆಡ್ಡನ್ನು ಕೈಬಿಟ್ಟೆವು. ಮೊದಲೇ ಗೊತ್ತಿತ್ತಲ್ಲ ಸಾರ್ ಎಂದೆ. "ಗೊತ್ತಿತ್ತು ಅಂತ ಬರೆದ್ರೆ ಕಂಪನಿಗೆ ಅಪಾಯ. ಅಪಾಯ ತಪ್ಪಿಸೋಕೇ ತಾನೇ ನಿಮ್ಮನ್ನ ಇಲ್ಲಿ ಕೂರಿಸಿರೋದು?" ಎಂದು ಅವರು ಪೆನ್ನು ಮುಂದೆ ಹಿಡಿದರು. ಸಹಿ ಹಾಕಿಬಿಟ್ಟೆ ಅಣ್ಣಾ.

ನಿನ್ನ ಕೆಲಸ ಈಗ ಸೇತುವೆಯಾಚೆಯ ಒಂದು ಶೆಡ್ಡಿಗೆ ಹೋಗಿದೆ. ನಿನ್ನೆ ಹೋಗಿ ನೋಡಿದೆ. ಚರಂಡಿ ಬೇರೆ, ನೀರು ಅದೇ ನೇರಳೆ. ಆ ಶೆಡ್ಡು ನಮ್ಮ ಯಾವ ಪಟ್ಟಿಯಲ್ಲೂ ಇಲ್ಲ.

ಬಿಸಿನೀರು ಕುಡಿ, ಔಷಧಿ ತಪ್ಪಿಸಬೇಡ. ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಅತ್ತೆಯ ಮುತ್ತು.

ಬೈಯುವುದಾದರೂ ಸರಿ, ಒಮ್ಮೆ ಮಾತಾಡು.

ನಿನ್ನ ತಂಗಿ,
ಮೊಂಡಿ

ತಾ.ಕ.: ಕಾಗದ ಮಡಿಚುವ ಮೊದಲು ಎದ್ದು ಹೋಗಿ, ನಮ್ಮ ವರದಿಗಳ ತಪಾಸಣೆಗೆ ಹೊರಗಿನಿಂದ ಬಂದಿರುವ ಮೇಡಂ ಕೈಗೆ ನನ್ನ ಹಳೆಯ ವರದಿಯ ಪ್ರತಿ ಕೊಟ್ಟು ಬಂದೆ. ನಾನು ಸಹಿ ಹಾಕಿದ್ದು ಸುಳ್ಳಿಗೆ ಎಂದೂ ಬರೆದುಕೊಟ್ಟೆ. ಶುಕ್ರವಾರ ಬೆಳಿಗ್ಗೆ ಅವರು ನಿನ್ನ ಶೆಡ್ಡಿಗೆ ಬರುತ್ತಾರೆ. ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಗುರುವಾರವೇ ಹೊರಟು ಬಾ. ಬೀಗ ತೆಗೆ. ಚರಂಡಿ ಮಾತ್ರ ತೊಳೆಯಬೇಡ. ಇದ್ದದ್ದು ಇದ್ದ ಹಾಗೇ ತೋರಿಸು. ನಾನೂ ಪಕ್ಕದಲ್ಲಿ ನಿಂತಿರುತ್ತೇನೆ.