ಗವಾಕ್ಷಿ ಬೇಡವೆಂದ ಕೋಣೆ

ಕೆಂಚಾರ್ಲಹಳ್ಳಿ,
14-12-2004

ಪ್ರೀತಿಯ ಸೊಸೆ ವರಲಕ್ಷ್ಮಿಗೆ,

ನೀನೂ ನನ್ನ ಹನ್ನೆರಡು ದಿನದ ಮೊಮ್ಮಗಳೂ ಹೇಗಿದ್ದೀರಿ? ಮಗು ಹೊಟ್ಟೆ ತುಂಬ ಹಾಲು ಕುಡಿಯುತ್ತಿದೆಯೇ? ಮೂಗು ನನ್ನದೇ ಅಂತೆ. ಹೆಣ್ಣುಮಗುವಿಗೆ ಆ ಮೂಗು ಯಾಕೆ ಬಂತೋ ಎಂದು ನಿನ್ನತ್ತೆ ಅಶ್ವತ್ಥಮ್ಮನಿಗೆ ಚಿಂತೆ, ನನಗಂತೂ ಜಂಬ. ಇಲ್ಲಿ ನಾವು ಈಗ ಕ್ಷೇಮ.

ನೀನು ತವರಿಗೆ ಹೋದ ಮೇಲೆ ನಿಮಗೆಂದು ಕಟ್ಟಿಸುತ್ತಿದ್ದ ಆರ್‌ಸಿಸಿ ಕೋಣೆ ಮುಗಿಯಿತು. ಬಾಣಂತಿಗೆ ಚಳಿಗಾಳಿ ಸೋಕಬಾರದೆಂದು ಗಾಜಿನ ಕಿಟಕಿಗೆ ರಬ್ಬರ್ ಪಟ್ಟಿ ಹಾಕಿಸಿದೆ, ಗವಾಕ್ಷಿಯೇ ಬೇಡವೆಂದೆ. ಮೇಸ್ತ್ರಿ ಕೋನಪ್ಪ "ಒಂದಾದ್ರೂ ಬಿಡಣ ಯಜಮಾನ್ರೇ" ಎಂದದ್ದಕ್ಕೆ ಅವನನ್ನೇ ಗದರಿಸಿದೆ. ಇರುವೆ ನುಗ್ಗಲೂ ಜಾಗವಿಲ್ಲ ಎಂದು ಊರಿಗೆಲ್ಲ ತೋರಿಸಿದ್ದೂ ಆಯಿತು.

ನಮ್ಮ ಹಳೇ ಮನೆಯೇ ಬೇರೆ. ಗೋಡೆಗೂ ಹೆಂಚಿಗೂ ನಡುವೆ ಗೇಣು ಸಂದು. ಅಲ್ಲಿಂದ ಗುಬ್ಬಚ್ಚಿ ಬರುತ್ತಿತ್ತು, ಹೊಗೆ ಹೋಗುತ್ತಿತ್ತು. ನಿನ್ನ ಗಂಡ ರವಿಚಂದ್ರ ಹುಟ್ಟಿದ್ದೂ ಇಂಥ ಚಳಿಯಲ್ಲೇ. ನಮ್ಮವ್ವ ಮಂಚದ ಕೆಳಗೆ ಕೆಂಡವಿಟ್ಟು, ಸಾಂಬ್ರಾಣಿ ಹಾಕಿ ಕಾವಲು ಕೂರುತ್ತಿದ್ದಳು. ನಾನು ಇಣುಕಿದರೆ "ಗಂಡಸ್ರಿಗೇನು ಇಲ್ಲಿ ಕೆಲ್ಸ, ಹೋಗಪ್ಪ" ಎಂದು ಅಟ್ಟುತ್ತಿದ್ದಳು. ಹೊಸಿಲಾಚೆ ನಿಂತು, ಹೆಂಚಿನ ಸಂದಿನ ಬಿಸಿಲಿನಲ್ಲಿ ಆ ಹೊಗೆ ಮೇಲೇರುವುದನ್ನೇ ನೋಡುತ್ತಿದ್ದೆ. ಆ ವಾಸನೆ ನೆನೆದರೆ ಈಗಲೂ ಕಣ್ಣು ತುಂಬುತ್ತದೆ, ಅವ್ವ ಬೇಕೆನಿಸುತ್ತದೆ.

ಹೊಸ ಕೋಣೆ ಖಾಲಿ ಬಿಡುವುದೇಕೆಂದು ಈ ಸಲದ ರೇಷ್ಮೆಹುಳುಗಳನ್ನು ಅಲ್ಲೇ ಇಟ್ಟೆ. ಮೊನ್ನೆ ಬೆಳಿಗ್ಗೆ ಚಳಿಗೆ ಹುಳು ಸೊಪ್ಪು ಮುಟ್ಟಲಿಲ್ಲ. ಹಳೇ ಮನೆಯಲ್ಲಿ ಮಾಡುತ್ತಿದ್ದಂತೆ ಇದ್ದಿಲ ಒಲೆ ಹೊತ್ತಿಸಿ, ಕಿಟಕಿ ಬಾಗಿಲು ಮುಚ್ಚಿ, ತಟ್ಟೆಗಳ ಪಕ್ಕ ಕೂತೆ. ಹೊಗೆಯಿಲ್ಲ, ವಾಸನೆಯಿಲ್ಲ, ಹಿತವಾಗಿತ್ತು. ತಲೆ ಭಾರವಾದಾಗ ನಿದ್ದೆ ಬಂತು ಅಂದುಕೊಂಡೆ. ಸೊಪ್ಪು ತಂದ ನಿನ್ನತ್ತೆ ಬಾಗಿಲು ತಳ್ಳದಿದ್ದರೆ ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಅಂಗಳಕ್ಕೆ ಎಳೆದು ತಂದು, ವಾಂತಿ ನಿಲ್ಲುವವರೆಗೂ ಬೆನ್ನು ಸವರಿ, ಆಮೇಲೆ ಬೈದಳು: "ಹುಳಾನೂ ನೀವೂ ಒಂದೇ ತರ ಬಿದ್ದಿದ್ರಿ." ಹುಳು ಅರ್ಧಕ್ಕರ್ಧ ಹೋದವು. ಚಿಂತಾಮಣಿಯ ಡಾಕ್ಟರು ಕೆಂಡದ ವಿಷಗಾಳಿ ಅಂದರು. ಅದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಹಳೇ ಮನೆಯಲ್ಲಿ ನಮ್ಮನ್ನು ಕಾಯುತ್ತಿದ್ದದ್ದು ಆ ಸಂದು ಎಂದು ಈ ವಯಸ್ಸಿಗೆ ಗೊತ್ತಾಯಿತು.

ನಿನ್ನೆ ಕೋನಪ್ಪನ ಕೈಲೇ ಗೋಡೆ ಒಡೆಸಿ ಎರಡು ಗವಾಕ್ಷಿ ಇಡಿಸಿದೆ. ಅವನು ಮೀಸೆಯಡಿಯಲ್ಲೇ ನಕ್ಕ. ಇವತ್ತು ಒಂದು ಗುಬ್ಬಚ್ಚಿ ಬಂದು ನೋಡಿಕೊಂಡು ಹೋಯಿತು.

ನಿನ್ನ ತಂದೆತಾಯಿಗೆ ನಮಸ್ಕಾರ ತಿಳಿಸು. ಮಗುವಿನ ನೆತ್ತಿಗೆ ತಾತನ ಹೆಸರಿನಲ್ಲಿ ಒಂದು ಮುತ್ತು ಕೊಡು. ತಾಯಿ ಮಗಳು ತಣ್ಣಗೆ ಬಾಳಿ.

ನಿನ್ನ ಮಾವ,
ನರಸಪ್ಪ

ಮರೆತದ್ದಲ್ಲ, ಹೇಳಲು ಹಿಂಜರಿದದ್ದು: ನಿನ್ನ ಮಂಚದ ಕೆಳಗೂ ಕೆಂಡ ಇಡುತ್ತಾರೆಂದು ರವಿಚಂದ್ರ ಬೆಳಿಗ್ಗೆ ಮಾತಿಗೆ ಹೇಳಿದ. ಆಗಲೇ ಈ ಕಾಗದ ಬರೆಯಲು ಕೂತೆ. ಗೌರಿಬಿದನೂರಿನ ನಿಮ್ಮ ಮನೆಯೂ ಹೊಸದು, ಅಲ್ಲೂ ಗವಾಕ್ಷಿಯಿಲ್ಲ. ಬೀಗರ ಮನೆಯ ಬಾಣಂತನದಲ್ಲಿ ಗಂಡಸು ತಲೆ ಹಾಕಬಾರದೆಂದು ಇಷ್ಟು ಸುತ್ತಿ ಬಳಸಿದೆ. ಫೋನ್ ಮಾಡಿದರೆ ಎತ್ತುವವರು ನಿಮ್ಮಮ್ಮ, ಅವರೆದುರು ನಿನ್ನ ಗಂಡನಿಗೂ ಬಾಯಿ ಬರದು. ಅದಕ್ಕೇ ಅವನ ಕೈಗೆ ಈ ಕಾಗದ ಕೊಟ್ಟು ಈಗಲೇ ಬಸ್ಸು ಹತ್ತಿಸುತ್ತಿದ್ದೇನೆ. ಕೆಂಡ ಹೊರಗೆ ಹಾಕಿಸು ತಾಯಿ. ಯಾರಾದರೂ ಕೇಳಿದರೆ ಮಾವನಿಗೆ ಅರಳುಮರಳು ಅನ್ನು. ಅವನಿಗೆ ಕಾಫಿ ಆಮೇಲೆ ಕೊಡು. ಮೊದಲು ಕಿಟಕಿ ತೆಗಿ.