ಒರೆಸಿದರೂ ಉಳಿದ ಚುಕ್ಕೆ

ರಾಜಾಜಿನಗರ, ೧೯೮೭

ಚಿಕ್ಕಮ್ಮನಿಗೆ ಪುಟ್ಟಲಕ್ಷ್ಮಿಯ ನಮಸ್ಕಾರ.

ಇಲ್ಲಿ ನಮ್ಮ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗೆ ಕಾರ್ಬನ್ ನಾರಿನ ಹಲಗೆ ಮಾಡುತ್ತಾರೆ. ಅದನ್ನು ದೀಪದಿಂದ ಬಿಸಿ ಮಾಡಿ, ಶಾಖ ಕಾಣುವ ಕ್ಯಾಮೆರಾದಲ್ಲಿ ಚುಕ್ಕೆಯಾಗಿ ಕಾಣುವ ಒಳಗಿನ ಟೊಳ್ಳು ಹುಡುಕುವುದು ನನ್ನ ಕೆಲಸ. ಇವತ್ತು ನೋಡಿದರೆ ಹಲಗೆಯ ತುಂಬ ಚುಕ್ಕೆ! ಆಯುಧಪೂಜೆಗೆ ಹಚ್ಚಿದ ಅರಿಸಿನ ಕುಂಕುಮ. ಒರೆಸಹೋದರೆ ಮೇಸ್ತ್ರಿ ಬೈರಯ್ಯನವರು ತಡೆದರು.

"ಕುಂಕುಮ ಅಳಿಸಬಾರ್ದು ಕಣಮ್ಮ. ಎಲ್ಲಾ ಪೂಜೇದೇ, ಪಾಸ್ ಮಾಡು."

"ಇದನ್ನ ಉಳಿಸಿದ್ರೆ ಯಾರದೋ ಹೆಂಡ್ತಿ ಹಣೇದು ಅಳಿಸಿಹೋಗುತ್ತೆ ಸಾರ್" ಎಂದು ಪೂರ್ತಿ ಒರೆಸಿದೆ. ಕ್ಯಾಮೆರಾದಲ್ಲಿ ಒಂದು ಚುಕ್ಕೆ ಮಾತ್ರ ಉಳಿಯಿತು. ಪದರದೊಳಗೆ ಗಾಳಿ ಕೂತಿದೆ. ಆ ಹಲಗೆಯನ್ನು ನಾನು ಬಿಡುವುದಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ. ನಿಮ್ಮದೊಂದು ಹಳೇ ನೂಲಿನ ಸೀರೆ ಬೇಗ ಕಳಿಸಿ. ಇನ್ನೂ ಬಹಳ ಹಲಗೆ ಒರೆಸುವುದಿದೆ.